106 ಡಿಗ್ರಿಯಲ್ಲಿ ಕುದಿದ ನೀರು: ಉಡುಪಿಯ ಒಂದು ಐಸ್‌ಕ್ರೀಮ್ ಘಟಕದ ಪ್ರಕರಣ

ಉಡುಪಿಯ ಉತ್ತರಕ್ಕೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಸಣ್ಣ ಐಸ್‌ಕ್ರೀಮ್ ಘಟಕ. ಕೆಲಸದವರು ಆರೇಳು ಮಂದಿ. ಅಂಗಡಿಗೆ ಹಾಕುವುದಕ್ಕಿಂತ ಮದುವೆ, ಗೃಹಪ್ರವೇಶ, ಬ್ರಹ್ಮಕಲಶೋತ್ಸವದ ಊಟಕ್ಕೆ ಟಬ್ ಲೆಕ್ಕದಲ್ಲಿ ಕೊಡುವುದೇ ಜಾಸ್ತಿ. ಫೆಬ್ರವರಿಯಿಂದ ಮೇ ತನಕ ಉಸಿರಾಡಲು ಪುರುಸೊತ್ತಿಲ್ಲ. ಮಳೆ ಹಿಡಿಯಿತೋ, ವಾರಕ್ಕೆ ಎರಡು ಬ್ಯಾಚ್ ಆದರೆ ಆಯಿತು.

ಹಾಲು, ಕೆನೆ, ಸಕ್ಕರೆ, ಹಾಲಿನ ಪುಡಿ ಸೇರಿಸಿದ ಮಿಶ್ರಣವನ್ನು ಸ್ಟೀಮ್ ಜಾಕೆಟ್ (ಹಬೆ ಹಾಯುವ ಹೊರಕವಚ) ಇರುವ 200 ಲೀಟರಿನ ಸ್ಟೀಲ್ ವ್ಯಾಟಿನಲ್ಲಿ ಪಾಶ್ಚರೀಕರಿಸುತ್ತಾರೆ, ಅಂದರೆ ರೋಗಾಣು ಸಾಯುವಷ್ಟು ಹೊತ್ತು ಬಿಸಿಯಲ್ಲಿ ಇಡುತ್ತಾರೆ. ಬರೀ ಹಾಲಿಗೆ 63 ಡಿಗ್ರಿಯಲ್ಲಿ 30 ನಿಮಿಷ ಸಾಕು. ಐಸ್‌ಕ್ರೀಮ್ ಮಿಶ್ರಣಕ್ಕೆ ಅದು ಸಾಲದು, ಕೊಬ್ಬು ಮತ್ತು ಸಕ್ಕರೆಯ ನಡುವೆ ಇರುವ ರೋಗಾಣು ಶಾಖಕ್ಕೆ ಸುಲಭದಲ್ಲಿ ಸಾಯುವುದಿಲ್ಲ. ಹಾಗಾಗಿ ಕನಿಷ್ಠ 68.5 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ 80 ಡಿಗ್ರಿಯಲ್ಲಿ 25 ಸೆಕೆಂಡ್ ಎಂಬುದು ಡೇರಿಯವರ ಲೆಕ್ಕ. ಈ ಘಟಕದ ಮಾಲೀಕರು ಒಂದೂವರೆ ಡಿಗ್ರಿ ಮೇಲೆಯೇ ಇರಲಿ ಎಂದು 70 ಇಟ್ಟುಕೊಂಡಿದ್ದರು. ಗೋಡೆಗೆ ದಾರ ಕಟ್ಟಿ ತೂಗುಹಾಕಿದ ಲಾಗ್ ಪುಸ್ತಕದಲ್ಲಿ ಪ್ರತಿ ಬ್ಯಾಚಿಗೂ ಒಂದು ಸಾಲು: ಮಿಶ್ರಣ ಹಾಕಿದ ಹೊತ್ತು, ವ್ಯಾಟಿನ ಡಯಲ್ ಥರ್ಮಾಮೀಟರಿನ ಮುಳ್ಳು ಗುರಿ ಮುಟ್ಟಿದ ಹೊತ್ತು, ರೀಡಿಂಗ್, ಸ್ಟೀಮ್ ನಿಲ್ಲಿಸಿದ ಹೊತ್ತು, ಸಹಿ. ನಾನು ನೋಡಿದ ಸಣ್ಣ ಘಟಕಗಳಲ್ಲಿ ಇಷ್ಟು ಶ್ರದ್ಧೆಯ ಪುಸ್ತಕ ಅಪರೂಪ. ಆಮೇಲೆ ಕೈಹಿಡಿದದ್ದೂ ಅದೇ.

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ವ್ಯಾಟ್ ತೊಳೆಯುತ್ತಿದ್ದ ಹುಡುಗ ಬರೀ ನೀರು ತುಂಬಿಸಿ ಸ್ಟೀಮ್ ಬಿಟ್ಟಿದ್ದ. ನೀರು ಕೊತಕೊತ ಕುದಿಯುತ್ತಿದೆ, ಡಯಲಿನ ಮುಳ್ಳು 106ರಲ್ಲಿ ನಿಂತಿದೆ. ಅವನು ಮೊಬೈಲಿನಲ್ಲಿ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ ಕೇಳಿದ್ದು ಒಂದೇ ಪ್ರಶ್ನೆ: "ನೀರು 106ಕ್ಕೆ ಕುದಿಯುವುದುಂಟಾ?"

ಇಲ್ಲ. ಸಮುದ್ರಮಟ್ಟದಲ್ಲಿ, ತೆರೆದ ಪಾತ್ರೆಯಲ್ಲಿ, ಶುದ್ಧ ನೀರಿನ ಉಷ್ಣತೆ 100 ದಾಟುವುದಿಲ್ಲ. ಎಷ್ಟು ಸ್ಟೀಮ್ ಕೊಟ್ಟರೂ ಕುದಿತ ಜೋರಾಗುತ್ತದೆ, ಅಷ್ಟೇ.

ಆದರೆ ಘಟಕದಲ್ಲಿ ಮೊದಲು ಹುಟ್ಟಿದ್ದು ಸಮಾಧಾನದ ವಿವರಣೆಗಳು. ತೊಳೆಯುವ ಕಾಸ್ಟಿಕ್ ಸೋಡಾ ಉಳಿದಿರಬಹುದು, ಅದರಿಂದ ಕುದಿಬಿಂದು ಏರಿರಬಹುದು ಎಂದು ಒಬ್ಬರು. ಏರುವುದು ನಿಜ. ಆದರೆ ಶೇಕಡಾ 2ರ ಕಾಸ್ಟಿಕ್ ದ್ರಾವಣದಲ್ಲಿ ಆ ಏರಿಕೆ ಅರ್ಧ ಡಿಗ್ರಿ, ಆರು ಡಿಗ್ರಿ ಅಲ್ಲ. ಡಯಲಿನ ಕಡ್ಡಿ ಬಿಸಿ ಗೋಡೆಗೆ ತಾಗಿರಬಹುದು ಎಂದು ಇನ್ನೊಬ್ಬರು. ಇದು ತಳ್ಳಿಹಾಕುವ ಮಾತಲ್ಲ, ಸ್ಟೀಮ್ ಜಾಕೆಟಿನ ಗೋಡೆ 100ಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಡಯಲನ್ನು ಬಿಚ್ಚಿ ಬೇರೆ ಪಾತ್ರೆಯಲ್ಲಿ, ತಳಕ್ಕೂ ಬದಿಗೂ ತಾಗದಂತೆ ಹಿಡಿದು ಕುದಿಸಿದಾಗಲೂ ಮುಳ್ಳು 106ನ್ನೇ ತೋರಿಸಿತು. ಗೋಡೆಯ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ನನಗೆ ಕರೆ ಬಂದದ್ದು ಈ ಹಂತದಲ್ಲಿ. ಫೋನಿನಲ್ಲಿ ನಾನು ಹೇಳಿದ್ದು, "ಡಯಲಿನ ಹಿಂದಿನ ನಟ್ಟನ್ನು ಯಾರೂ ಮುಟ್ಟಬೇಡಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಡಯಲ್ ಥರ್ಮಾಮೀಟರಿನ ಕಡ್ಡಿಯೊಳಗೆ ಎರಡು ಲೋಹಗಳ ಪಟ್ಟಿಯನ್ನು ಅಂಟಿಸಿ ಸುರುಳಿ ಸುತ್ತಿರುತ್ತಾರೆ. ಬಿಸಿಗೆ ಒಂದು ಲೋಹ ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗುವುದರಿಂದ ಸುರುಳಿ ತಿರುಚುತ್ತದೆ, ಮುಳ್ಳು ತಿರುಗುತ್ತದೆ. ಹಿಂದಿನ ನಟ್ಟು ತಿರುಗಿಸಿದರೆ ಮುಳ್ಳನ್ನು ಬೇಕಾದಲ್ಲಿಗೆ ತಂದು ನಿಲ್ಲಿಸಬಹುದು. ಮಾಲೀಕರ ಭಾವ ಸ್ಪ್ಯಾನರ್ ಹಿಡಿದುಕೊಂಡು ತಯಾರಾಗಿಯೇ ನಿಂತಿದ್ದರು: ಕುದಿಯುವ ನೀರಿನಲ್ಲಿಟ್ಟು 100ಕ್ಕೆ ತಂದುಬಿಡುವುದು, ಐದು ನಿಮಿಷದ ಕೆಲಸ. ಹಾಗೆ ಮಾಡಿದ್ದರೆ ಡಯಲ್ ಒಂದು ಬಿಂದುವಿನಲ್ಲಿ ಸರಿಯಾಗುತ್ತಿತ್ತು, ಪುಸ್ತಕದಲ್ಲಿದ್ದ ತಿಂಗಳುಗಟ್ಟಲೆ ರೀಡಿಂಗುಗಳಿಗೆ ಅರ್ಥ ಹೇಳುವ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು. ಆ ಅಂಕಿಗಳನ್ನು ಬರೆಸಿದ್ದು ತಪ್ಪಾಗಿದ್ದ ಡಯಲ್. ಅದು ಎಷ್ಟು ತಪ್ಪು, ಯಾವ ಬಗೆಯ ತಪ್ಪು ಎಂದು ತಿಳಿಯಬೇಕಾದರೆ ಅದು ಇದ್ದ ಹಾಗೆಯೇ ಸಿಗಬೇಕು. ಕ್ಯಾಲಿಬ್ರೇಷನ್ ಪ್ರಯೋಗಾಲಯದವರು, ಅಂದರೆ ಅಳತೆಯ ಉಪಕರಣ ಸರಿ ಇದೆಯೇ ಎಂದು ಪರೀಕ್ಷಿಸುವವರು, ಉಪಕರಣ ಬಂದ ಸ್ಥಿತಿಯ ರೀಡಿಂಗನ್ನು ಮೊದಲು ದಾಖಲಿಸಿ, ಆಮೇಲೆ ಸರಿಪಡಿಸಿ, ಸರಿಪಡಿಸಿದ ಮೇಲಿನ ರೀಡಿಂಗನ್ನು ಬೇರೆಯಾಗಿ ಬರೆಯುವುದು ಇದೇ ಕಾರಣಕ್ಕೆ. ಸಣ್ಣ ಉದ್ಯಮಗಳಲ್ಲಿ ರಿಪೇರಿಯ ಉತ್ಸಾಹ ಎಷ್ಟೋ ಸಲ ಸಾಕ್ಷಿಯನ್ನೇ ಅಳಿಸಿಬಿಡುತ್ತದೆ.

ಐಸಿನ ಪರೀಕ್ಷೆ ಮತ್ತು ಮಲ್ಪೆಯ ಉಪ್ಪು

ನಾನು ಹೋಗುವಷ್ಟರಲ್ಲಿ ಅವರೇ ಐಸಿನ ಪರೀಕ್ಷೆ ಮಾಡಿ ಮುಗಿಸಿದ್ದರು. ಫಲಿತಾಂಶ: ಮುಳ್ಳು ಸೊನ್ನೆಗಿಂತ ಅರ್ಧ ಡಿಗ್ರಿ ಮೇಲೆ, ಹೆಚ್ಚುಕಮ್ಮಿ ಸೊನ್ನೆ. "ಕೆಳಗೆ ಸರಿ ಉಂಟು ಸರ್, ಮೇಲೆ ಮಾತ್ರ ತಪ್ಪು" ಎಂದರು.

ಐಸ್ ಎಲ್ಲಿಂದ ಬಂತು ಎಂದು ಕೇಳಿದೆ. ಮಲ್ಪೆ ಬಂದರಿನಿಂದ. ಪರಿಚಯದವರ ಮೀನಿನ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಬಕೆಟ್ಟಿನಲ್ಲಿ ತಂದಿದ್ದರು. ಘಟಕದ ಒಳಗೆ ತರದೆ ಅಂಗಳದಲ್ಲೇ ಇಟ್ಟು ಪರೀಕ್ಷಿಸಿದ್ದರು, ಅಷ್ಟು ವಿವೇಕ ಇತ್ತು. ಆದರೆ ಮೀನು, ಉಪ್ಪುನೀರು, ಐಸ್ ಒಟ್ಟಿಗೆ ಇದ್ದ ಪೆಟ್ಟಿಗೆಯ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುವುದಿಲ್ಲ. ಉಪ್ಪು ಸೇರಿದಷ್ಟೂ ಕರಗುವ ಬಿಂದು ಕೆಳಗಿಳಿಯುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವುದೇ ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ. ಉಪ್ಪು ಇದೆಯೋ ಇಲ್ಲವೋ ಎಂದು ನಾಲಿಗೆಗೆ ಮುಟ್ಟಿಸಿ ನೋಡಲು ಯಾರೂ ಮುಂದೆ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಕುಡಿಯುವ ನೀರನ್ನು ಶುಚಿಯಾದ ಟ್ರೇಗಳಲ್ಲಿ ಐಸ್ ಮಾಡಿಸಿ, ಬಟ್ಟೆಯಲ್ಲಿ ಸುತ್ತಿ ಜಜ್ಜಿ, ಸಂದುಗಳು ತುಂಬುವಷ್ಟೇ ತಣ್ಣೀರು ಹೊಯ್ದು, ಕಲಕುತ್ತಾ ಕೆಲವು ನಿಮಿಷ ಕಾದೆವು. ಫ್ರೀಜರಿನಿಂದ ಆಗಷ್ಟೇ ತೆಗೆದ ಒಣ ಐಸ್ ತುಂಡು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಐಸೂ ನೀರೂ ಒಟ್ಟಿಗೆ ಇದ್ದು, ಐಸ್ ಕರಗುತ್ತಿರುವಾಗ ಮಾತ್ರ ಆ ಮಿಶ್ರಣ ಸೊನ್ನೆಯಲ್ಲಿ ನಿಲ್ಲುತ್ತದೆ. ಕಡ್ಡಿಯನ್ನು ಆರು ಸೆಂಟಿಮೀಟರಿನಷ್ಟು ಮುಳುಗಿಸಿದಾಗ ಮುಳ್ಳು ಬಂದು ನಿಂತದ್ದು 2ರಲ್ಲಿ. ತೆಗೆದು, ಒರೆಸಿ, ಮತ್ತೆ ಇಟ್ಟರೂ 2.

ಅಂದರೆ ಉಪ್ಪಿನ ಐಸ್ ತನ್ನ ಒಂದೂವರೆ ಡಿಗ್ರಿ ಕೊರತೆಯಿಂದ ಡಯಲಿನ ಎರಡು ಡಿಗ್ರಿ ಹೆಚ್ಚಳವನ್ನು ಬಹುಮಟ್ಟಿಗೆ ಮುಚ್ಚಿಟ್ಟಿತ್ತು. ಎರಡು ತಪ್ಪು ಸೇರಿ ಒಂದು ಸರಿಯ ಹಾಗೆ ಕಂಡಿತ್ತು. ಕರಾವಳಿಯಲ್ಲಿ ಈ ಪರೀಕ್ಷೆ ಮಾಡುವವರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಇಲ್ಲಿ.

ಕುದಿಯುವ ಬಿಂದುವಿಗೂ ಒಂದು ಷರತ್ತು ಇದೆ. 1742ರಲ್ಲಿ ತನ್ನ ಮಾಪಕವನ್ನು ಮುಂದಿಟ್ಟ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಅದನ್ನು ಆಗಲೇ ಗಮನಿಸಿದ್ದ: ಐಸ್ ಕರಗುವ ಬಿಂದು ಗಾಳಿಯ ಒತ್ತಡಕ್ಕೆ ಜಗ್ಗುವುದಿಲ್ಲ, ನೀರು ಕುದಿಯುವ ಬಿಂದು ಜಗ್ಗುತ್ತದೆ. (ಅವನ ಮಾಪಕದಲ್ಲಿ ಕುದಿಬಿಂದು ಸೊನ್ನೆ, ಐಸ್ 100. ಇಂದಿನಂತೆ ತಿರುಗಿಸಿದ್ದು ಆಮೇಲೆ.) ಒತ್ತಡ ಸುಮಾರು 36 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ನಮ್ಮ ಕರಾವಳಿಯ ಒತ್ತಡ ಪ್ರಮಾಣಿತ 1013ಕ್ಕಿಂತ ಕೆಳಗೇ ಇರುತ್ತದೆ, ಆದರೂ ವ್ಯತ್ಯಾಸ ಡಿಗ್ರಿಯ ಒಂದು ಸಣ್ಣ ಭಾಗ. ಒಂದೊಂದು ಡಿಗ್ರಿಗೆ ಗೀರು ಹಾಕಿದ ಡಯಲಿನಲ್ಲಿ ಅದು ಕಾಣುವುದೂ ಇಲ್ಲ. ಇದೇ ಪರೀಕ್ಷೆಯನ್ನು ಘಾಟಿ ಹತ್ತಿ ಆಗುಂಬೆಯಲ್ಲಿ ಮಾಡಿದ್ದರೆ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತಿತ್ತು, ಅದನ್ನು 100 ಎಂದು ಹಿಡಿದಿದ್ದರೆ ಮುಂದಿನ ಲೆಕ್ಕವೆಲ್ಲ ಓರೆಯಾಗುತ್ತಿತ್ತು. ಉಡುಪಿಯವರಿಗೆ ಆ ತಲೆಬಿಸಿ ಇಲ್ಲ.

ಎರಡು ಕಳೆಯುವುದಾ, ಆರು ಕಳೆಯುವುದಾ

ಈಗ ಕೈಯಲ್ಲಿ ಎರಡು ಅಂಕಿ: ನಿಜವಾದ 0ಗೆ ಡಯಲ್ 2 ಎನ್ನುತ್ತದೆ, ನಿಜವಾದ 100ಕ್ಕೆ 106 ಎನ್ನುತ್ತದೆ. ಹಾಗಾದರೆ ಪುಸ್ತಕದ 70 ಎಂದರೆ ಎಷ್ಟು?

ಮಾಲೀಕರ ಭಾವನ ಪ್ರಕಾರ ಎರಡು ಕಳೆಯಬೇಕು, ಸೊನ್ನೆಯ ತಪ್ಪು ಎರಡು. ಉತ್ತರ 68. ನಿಯಮಕ್ಕಿಂತ ಅರ್ಧ ಡಿಗ್ರಿ ಕಡಿಮೆ, "ಅದೆಂತ ದೊಡ್ಡದಲ್ಲ." ಮಾಲೀಕರ ಮಗಳು, ಕಾಲೇಜಿಗೆ ಹೋಗುವವಳು, ಆರು ಕಳೆಯಬೇಕು ಎಂದಳು: 64. ಹಾಗಿದ್ದರೆ ಎಲ್ಲವನ್ನೂ ಚೆಲ್ಲಬೇಕು. ಇಬ್ಬರೂ ತಪ್ಪನ್ನು ಮಾಪಕದ ಉದ್ದಕ್ಕೂ ಒಂದೇ ಎಂದು ಭಾವಿಸಿದ್ದರು. ಈ ಡಯಲಿನಲ್ಲಿ ತಪ್ಪು ಏರುತ್ತಾ ಹೋಗುತ್ತದೆ. ನಿಜವಾದ 100 ಡಿಗ್ರಿಯ ಅಂತರವನ್ನು ಅದು 104 ಮನೆಗಳಾಗಿ ಎಣಿಸುತ್ತಿದೆ, ಎಣಿಕೆ ಶುರು ಮಾಡುವುದೂ 2ರಿಂದ.

ಆದ್ದರಿಂದ ಮೊದಲು ಶುರುವಿನ 2 ಕಳೆಯಬೇಕು, ಉಳಿದದ್ದನ್ನು 104ರಿಂದ ಭಾಗಿಸಿ 100ರಿಂದ ಗುಣಿಸಬೇಕು:

ನಿಜ ಉಷ್ಣತೆ = (ರೀಡಿಂಗ್ − 2) ÷ 104 × 100

70ಕ್ಕೆ: 68 ÷ 104 × 100 = 65.4.

ಲೆಕ್ಕ ಇಷ್ಟೇ. ಇದು ಪಿಯುಸಿ ಭೌತಶಾಸ್ತ್ರದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋಗುವ ಸೂತ್ರ. ಮಗಳಿಗೆ ಅದು ಬಾಯಿಪಾಠ ಇತ್ತು, ಮನೆಯ ಡಯಲಿಗೂ ಅದು ಅನ್ವಯವಾಗುತ್ತದೆ ಎಂದು ಹೊಳೆದಿರಲಿಲ್ಲ.

ತಿರುವುಮುರುವು ಮಾಡಿದರೆ ಇನ್ನೂ ಉಪಯೋಗ. ನಿಜವಾದ 68.5 ಸಿಗಬೇಕಾದರೆ ಈ ಡಯಲ್ ಎಷ್ಟು ತೋರಿಸಬೇಕಿತ್ತು? 68.5ನ್ನು 1.04ರಿಂದ ಗುಣಿಸಿ 2 ಕೂಡಿಸಿ: 73.2. ಮುಳ್ಳನ್ನು ಕಣ್ಣಳತೆಯಲ್ಲಿ ಓದುವಾಗ ಅರ್ಧ ಡಿಗ್ರಿ ಆಚೀಚೆ ಆಗುವುದರಿಂದ 74 ಎಂದು ಹಿಡಿದೆವು. ಪುಸ್ತಕದ ಅಂಕಿಗಳನ್ನು ಇನ್ನು ಒಂದೊಂದಾಗಿ ತಿದ್ದುವ ಮೊದಲೇ 74ರ ಗೆರೆ ಎಳೆದು, ಕೆಳಗಿನವು ಅನುಮಾನದವು, ಮೇಲಿನವು ಸರಿ ಎಂದು ಬೇರ್ಪಡಿಸಬಹುದು. 72 ಎಂದು ಬರೆದ ಬ್ಯಾಚುಗಳು ನಿಜದಲ್ಲಿ 67.3. 75 ಬರೆದವು 70.2, ಅವು ಪಾರಾದವು. ಹಿರಿಯ ಕೆಲಸಗಾರರೊಬ್ಬರಿಗೆ ಸ್ಟೀಮ್ ಬಿಟ್ಟು ಎಲೆಯಡಿಕೆ ಹಾಕಲು ಹೋಗುವ ಅಭ್ಯಾಸ, ಅವರ ಪಾಳಿಯಲ್ಲಿ ಮುಳ್ಳು ಯಾವಾಗಲೂ 75 ದಾಟುತ್ತಿತ್ತು. ಅದಕ್ಕಾಗಿ ಬೈಸಿಕೊಂಡವರ ಬ್ಯಾಚುಗಳೇ ಸುರಕ್ಷಿತವಾಗಿ ಉಳಿದದ್ದು.

ಮಾಲೀಕರು ತಿಂಗಳ ಸರಾಸರಿ ತೆಗೆದು ತೋರಿಸಿದರು: 71. ಸೂತ್ರ ಸರಳ ರೇಖೆಯದ್ದಾದ್ದರಿಂದ ಸರಾಸರಿಯನ್ನೂ ಅದರಲ್ಲೇ ತಿದ್ದಬಹುದು, 66.3 ಬರುತ್ತದೆ. ಆದರೆ ಸರಾಸರಿಯನ್ನು ಯಾರೂ ತಿನ್ನುವುದಿಲ್ಲ. ಒಂದು ಬ್ಯಾಚ್ 75, ಇನ್ನೊಂದು 67 ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಎರಡನೆಯ ಟಬ್ ಬಡಿಸಿದ ಮನೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

65.4 ಮತ್ತು 68.5, ಮೂರು ಡಿಗ್ರಿ ಅಂತರ, ಇಷ್ಟು ಗಲಾಟೆ ಯಾಕೆ ಎಂಬ ಪ್ರಶ್ನೆಯೂ ಬಂತು. ರೋಗಾಣು ಸಾಯುವ ವೇಗ ಉಷ್ಣತೆಯ ಜೊತೆ ಗುಣಾಕಾರದಲ್ಲಿ ಏರುತ್ತದೆ. ಲಿಸ್ಟೀರಿಯಾದಂಥ ರೋಗಾಣುವಿಗೆ ಸುಮಾರು 7 ಡಿಗ್ರಿ ಏರಿದರೆ ವೇಗ ಹತ್ತು ಪಟ್ಟು ಎಂಬುದು ಒರಟು ಲೆಕ್ಕ. ಆ ಪ್ರಕಾರ 65.4ರಲ್ಲಿ ಕಳೆದ 30 ನಿಮಿಷ 68.5ರಲ್ಲಿ ಕಳೆದ ಸುಮಾರು 11 ನಿಮಿಷಕ್ಕೆ ಸಮ. ಭಾವನ 68 ನಿಜವಾಗಿದ್ದರೆ 25 ನಿಮಿಷದಷ್ಟು ಸಿಗುತ್ತಿತ್ತು. ಕಳೆಯುವ ವಿಧಾನದ ಜಗಳ ಬರೀ ಗಣಿತದ ಜಗಳ ಆಗಿರಲಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾಗಿತ್ತು. ಮಿಶ್ರಣದ ಮಾದರಿಯನ್ನು ಹಿಂದೆ ಪರೀಕ್ಷೆಗೆ ಕಳಿಸಿದ್ದಾಗ ಫಾಸ್ಫಟೇಸ್ ಪರೀಕ್ಷೆ ಪಾಸಾಗಿತ್ತು, ಪಾಶ್ಚರೀಕರಣ ಆಗಿದೆ ಎಂದು ವರದಿ ಇತ್ತು. ವರದಿ ಸುಳ್ಳಲ್ಲ. ಹಾಲಿನಲ್ಲಿ ಸಹಜವಾಗಿ ಇರುವ ಆ ಕಿಣ್ವ ಹಾಲಿನ ಮಟ್ಟದ ಪಾಶ್ಚರೀಕರಣಕ್ಕೇ, ಅಂದರೆ 63 ಡಿಗ್ರಿಯಲ್ಲಿ 30 ನಿಮಿಷಕ್ಕೇ ನಾಶವಾಗುತ್ತದೆ. 65.4ರಲ್ಲಿ ಅದು ಉಳಿಯುವುದಿಲ್ಲ, ಪರೀಕ್ಷೆ ಪಾಸಾಗಲೇಬೇಕು. ಐಸ್‌ಕ್ರೀಮ್ ಮಿಶ್ರಣಕ್ಕೆ ಬೇಕಾದ ಮೇಲಿನ ಐದೂವರೆ ಡಿಗ್ರಿಯ ಬಗ್ಗೆ ಆ ಪರೀಕ್ಷೆ ಏನೂ ಹೇಳುವುದಿಲ್ಲ.

ರೇಖೆ ನೇರವಾಗಿದೆಯೇ, ಯಾವಾಗಿನಿಂದ

ಎರಡು ಬಿಂದು ಸಿಕ್ಕರೆ ಅವುಗಳ ನಡುವೆ ನೇರ ಗೆರೆ ಎಳೆಯಬಹುದು. ಡಯಲ್ ಆ ಗೆರೆಯ ಮೇಲೆಯೇ ನಡೆಯುತ್ತದೆ ಎಂಬುದಕ್ಕೆ ಅದರಿಂದ ಪುರಾವೆ ಸಿಗುವುದಿಲ್ಲ. ಮುಳ್ಳು ಎಲ್ಲೋ ನಡುವೆ ಹಿಡಿದುಕೊಳ್ಳುತ್ತಿದ್ದರೆ ಸೂತ್ರಕ್ಕೆ ಬೆಲೆಯಿಲ್ಲ. ಮೂರನೆಯ ಬಿಂದು ಬೇಕೇ ಬೇಕು.

ಮನೆಯಲ್ಲೇ ಸಿಗುವ ಮೂರನೆಯ ಬಿಂದು ಜ್ವರದ ಥರ್ಮಾಮೀಟರ್. 38 ಡಿಗ್ರಿಯ ಆಸುಪಾಸಿನಲ್ಲಿ ಅದರ ನಿಖರತೆ ಡಿಗ್ರಿಯ ಹತ್ತನೇ ಒಂದರಷ್ಟು, ಡಯಲಿಗಿಂತ ಎಷ್ಟೋ ಮೇಲು. ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಕಲಕಿದೆವು. ಜ್ವರದ ಥರ್ಮಾಮೀಟರ್ 38.5 ತೋರಿಸಿದಾಗ ಸೂತ್ರದ ಪ್ರಕಾರ ಡಯಲ್ 42 ತೋರಿಸಬೇಕು. 42ರಲ್ಲೇ ಇತ್ತು. ಆದರೂ ನಮಗೆ ಬೇಕಾದ ಜಾಗ 65ರಿಂದ 75. ಪರಿಚಯದ ಕಾಲೇಜೊಂದರಿಂದ ಪ್ರಮಾಣಪತ್ರ ಇರುವ ಗಾಜಿನ ಥರ್ಮಾಮೀಟರ್ ತರಿಸಿ, ಅದರ ಮೇಲೆ ಗುರುತಿಸಿದ ಆಳಕ್ಕೇ ಮುಳುಗಿಸಿ, ನಿಜವಾದ 70ರಲ್ಲಿ ನೋಡಿದೆವು. ಸೂತ್ರ ಹೇಳುವುದು 74.8, ಮುಳ್ಳು 75ಕ್ಕೆ ಕೂದಲೆಳೆ ಕೆಳಗೆ. ಗೆರೆ ನೇರವಾಗಿಯೇ ಇತ್ತು.

ಇನ್ನು, ಈ ತಪ್ಪು ಯಾವಾಗ ಶುರುವಾಯಿತು? ಇಂದು ಅಳೆದ ತಪ್ಪನ್ನು ಆರು ತಿಂಗಳ ಹಿಂದಿನ ರೀಡಿಂಗಿಗೆ ಹಚ್ಚಬೇಕಾದರೆ ಅಂದೂ ಅದೇ ತಪ್ಪು ಇತ್ತು ಎಂದು ತೋರಿಸಬೇಕು. ತಿದ್ದುಪಡಿಯ ಅತಿ ದುರ್ಬಲ ಕೊಂಡಿ ಇದು, ಹೆಚ್ಚಿನವರು ಹಾರಿಸಿ ಮುಂದೆ ಹೋಗುವುದೂ ಇದನ್ನೇ.

ಇಲ್ಲಿ ಪುಸ್ತಕದ ಹೊತ್ತಿನ ಕಾಲಮ್ಮುಗಳು ಮಾತಾಡಿದವು. ಮಿಶ್ರಣ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ತಂಪಿನಲ್ಲಿ ವ್ಯಾಟಿಗೆ ಬರುತ್ತದೆ, ಸ್ಟೀಮ್ ಅಷ್ಟೇ ಬಿಡುತ್ತಾರೆ, ಪೂರ್ತಿ ತುಂಬಿದ ವ್ಯಾಟ್ ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಏರುತ್ತದೆ. ಹಿಂದಿನ ವರ್ಷದ ಪುಟಗಳಲ್ಲಿ 70 ಮುಟ್ಟಲು ಒಂದು ಗಂಟೆಯ ಮೇಲೆ ಎರಡು ಮೂರು ನಿಮಿಷ ಹಿಡಿಯುತ್ತಿತ್ತು. ನವೆಂಬರಿನಲ್ಲಿ ಒಂದು ದಿನದಿಂದ ಅದು ಥಟ್ಟನೆ 57, 58 ನಿಮಿಷಕ್ಕೆ ಇಳಿದು, ಮೇ ತನಕ ಅಲ್ಲೇ ನಿಂತಿತ್ತು. ವ್ಯಾಟ್ ಬದಲಾಗಿಲ್ಲ, ಸ್ಟೀಮ್ ಬದಲಾಗಿಲ್ಲ. ಬಿಲ್ಲುಗಳ ಫೈಲು ತೆಗೆದರೆ ಆ ವಾರವೇ ಹೊಸ ಡಯಲ್ ತಂದ ಬಿಲ್ಲು. ಅಂದರೆ ಡಯಲ್ ಹಾಳಾದದ್ದಲ್ಲ, ಬರುವಾಗಲೇ ತಪ್ಪಾಗಿ ಬಂದದ್ದು. ಸುರುಳಿಗೆ ಹೊಂದದ ಮಾಪಕದ ತಗಡು ಹಾಕಿದ್ದರೆ ನಡುವಿನ ಅಂತರಗಳೆಲ್ಲ ಹೀಗೆಯೇ ಒಂದೇ ಅನುಪಾತದಲ್ಲಿ ಹಿಗ್ಗುತ್ತವೆ. ನಟ್ಟು ತಿರುಗಿಸಿ ಇದನ್ನು ಸರಿ ಮಾಡಲು ಬರುವುದಿಲ್ಲ, 100ರಲ್ಲಿ ಕೂರಿಸಿದರೆ ಸೊನ್ನೆಯಲ್ಲಿ ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆ. ಕಾಯುವ ಹೊತ್ತು ಆರು ತಿಂಗಳೂ ಅಲುಗದೆ ನಿಂತದ್ದರಿಂದ ತಪ್ಪು ನಡುವೆ ಜಾರಿಲ್ಲ ಎಂದೂ ಆಯಿತು.

ಹಳೆಯ ಡಯಲ್ ಸರಿ ಇತ್ತೇ ಎಂದು ನೇರವಾಗಿ ನೋಡುವ ಹಾಗಿರಲಿಲ್ಲ, ಅದು ಗುಜರಿಗೆ ಹೋಗಿತ್ತು. ಆದರೆ ಸರಿಯಾದ ಥರ್ಮಾಮೀಟರ್ ಹಾಕಿದ ಮೇಲೆ 70 ಮುಟ್ಟಲು ಮತ್ತೆ ಒಂದು ಗಂಟೆ ಎರಡು ಮೂರು ನಿಮಿಷ ಬೇಕಾಯಿತು. ಹಾಗಾಗಿ ನವೆಂಬರಿಗೆ ಮೊದಲಿನ ಪುಟಗಳನ್ನು ಬಿಟ್ಟುಬಿಟ್ಟೆವು.

ಪುಸ್ತಕ ತಿದ್ದಿದ ಬಗೆ

ಮಾಲೀಕರಿಗೆ ಹೊಸ ಪುಸ್ತಕದಲ್ಲಿ ಎಲ್ಲವನ್ನೂ ಚಂದ ಮಾಡಿ ನಕಲು ಮಾಡಿಸುವ ಆಸೆ. ಬೇಡ ಎಂದೆ. 70 ಎಂದು ಬರೆದದ್ದು ಸುಳ್ಳಲ್ಲ, ಆ ದಿನ ಮುಳ್ಳು ಅಲ್ಲೇ ಇತ್ತು. ಅದನ್ನು ಹೊಡೆದುಹಾಕಿ 65.4 ಎಂದು ಬರೆದರೆ ನಾಳೆ ಸೂತ್ರದಲ್ಲಿ ಏನಾದರೂ ತಪ್ಪು ಸಿಕ್ಕರೆ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ಮೂಲ ಅಂಕಿ ಹಾಗೇ ಉಳಿಯಿತು. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ತಿದ್ದಿದ ಅಂಕಿ, ಮೊದಲ ಪುಟದಲ್ಲಿ ಸೂತ್ರ, ಪರೀಕ್ಷೆಯ ದಿನಾಂಕ, ಮಾಡಿದವರ ಸಹಿ. ಮಗಳು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಬಂದ 65.384615 ಪೂರ್ತಿ ಬರೆಯತೊಡಗಿದ್ದಳು. ಡಯಲನ್ನು ಅರ್ಧ ಡಿಗ್ರಿಗಿಂತ ನಯವಾಗಿ ಓದಲಿಕ್ಕೇ ಆಗದಿದ್ದಾಗ ಅಷ್ಟು ದಶಾಂಶಕ್ಕೆ ಅರ್ಥವಿಲ್ಲ, ಒಂದು ಸ್ಥಾನ ಇಟ್ಟದ್ದೇ ಧಾರಾಳ.

ಫ್ರೀಜರಿನ ಡಯಲೂ ಅದೇ ಅಂಗಡಿಯದ್ದು, ಅದಕ್ಕೂ ಇದೇ ಸೂತ್ರ ಹಚ್ಚೋಣ ಎಂದರು. ಆಗದು. ಒಂದು ಥರ್ಮಾಮೀಟರಿನ ತಪ್ಪು ಅದರದ್ದೇ. ಫ್ರೀಜರಿನದ್ದನ್ನು ಬೇರೆಯೇ ಪರೀಕ್ಷಿಸಿದಾಗ ಅದರಲ್ಲಿ ದೋಷ ಕಾಣಲಿಲ್ಲ.

ಫ್ರೀಜರಿನಲ್ಲಿ ಇದ್ದ ಟಬ್ಬುಗಳಲ್ಲಿ 74ಕ್ಕಿಂತ ಕಡಿಮೆ ರೀಡಿಂಗಿನ ಬ್ಯಾಚಿನವನ್ನೆಲ್ಲ ಹೊರಗೆ ಹಾಕಿಸಿದರು. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಟ್ಟರೆ ಎಲ್ಲ ಸಾಯುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಇನ್ನೂ ಫ್ರೀಜ್ ಮಾಡದೆ ಟ್ಯಾಂಕಿನಲ್ಲಿ ತಣ್ಣಗಿದ್ದ ಒಂದು ಬ್ಯಾಚ್ ಮಿಶ್ರಣವನ್ನು ಮಾತ್ರ ಗಾಜಿನ ಥರ್ಮಾಮೀಟರ್ ನೋಡಿಕೊಂಡು ಮತ್ತೆ ಪಾಶ್ಚರೀಕರಿಸಿ ಉಳಿಸಿಕೊಂಡರು. ಈಗಾಗಲೇ ಬಡಿಸಿ ಮುಗಿದ ಟಬ್ಬುಗಳ ಬಗ್ಗೆ ಯಾವ ದೂರೂ ಬಂದಿರಲಿಲ್ಲ. ಗಿರಾಕಿಗಳಿಗೆ ಹೇಳಬೇಕೇ ಎಂಬ ಚರ್ಚೆ ಮನೆಯೊಳಗೆ ನಡೆಯಿತು. ಫ್ರೀಜರಿನಲ್ಲಿ ಇನ್ನೂ ದಾಸ್ತಾನು ಇಟ್ಟುಕೊಂಡಿರಬಹುದಾದ ಅಡುಗೆ ಗುತ್ತಿಗೆದಾರರಿಗೆಲ್ಲ ಮಾಲೀಕರೇ ಫೋನು ಮಾಡಿ ಟಬ್ ವಾಪಸು ತರಿಸಿದರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಕಷ್ಟದ ಕೆಲಸ ಅದು.

ಹೊಸ ಡಯಲ್ ಬರುವ ತನಕ ಈ ತಪ್ಪು ಡಯಲಿನ ಗಾಜಿನ ಮೇಲೆ 74ಕ್ಕೆ ಕೆಂಪು ಗೆರೆ ಎಳೆದು ನಡೆಸೋಣ ಎಂಬ ಸಲಹೆಗೆ ನಾನು ಒಪ್ಪಲಿಲ್ಲ. ಲೆಕ್ಕದಲ್ಲಿ ಅದು ಸರಿಯೇ. ಆದರೆ ಸೀಸನ್ನಿನ ನಡುವೆ ಬರುವ ಹೊಸ ಕೆಲಸದವನಿಗೆ ಗೆರೆ ಯಾಕೆ ಎಂದು ಯಾರು ಹೇಳುತ್ತಾರೆ? ಆ ಡಯಲಿಗೆ ಚೀಟಿ ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದಾರೆ, ಹಸಿರು ಶಾಯಿಯ ಅಂಕಿಗಳಿಗೆ ಅದೇ ಆಧಾರ.

ಸೂತ್ರಕ್ಕೆ ದಕ್ಕದೆ ಉಳಿದದ್ದು ಅರ್ಧ ವ್ಯಾಟಿನ ಬ್ಯಾಚುಗಳು. ಆರ್ಡರ್ ಕಡಿಮೆ ಇದ್ದ ದಿನಗಳಲ್ಲಿ ವ್ಯಾಟನ್ನು ಅರ್ಧ ಮಾತ್ರ ತುಂಬಿಸುತ್ತಿದ್ದರು, ಆಗ ಡಯಲಿನ ಕಡ್ಡಿಯ ತುದಿಯಷ್ಟೇ ಮಿಶ್ರಣದಲ್ಲಿ, ಉಳಿದದ್ದು ನೊರೆಯಲ್ಲಿ ಮತ್ತು ಮೇಲಿನ ಗಾಳಿಯಲ್ಲಿ. ಅಂಥ ದಿನ 70 ಎಂದು ಬರೆದದ್ದು ಮಿಶ್ರಣದ ಉಷ್ಣತೆಯೂ ಅಲ್ಲ, ಗಾಳಿಯದ್ದೂ ಅಲ್ಲ. ಬಹುಶಃ ಮಿಶ್ರಣ ಅದಕ್ಕಿಂತ ಬಿಸಿ ಇತ್ತು, ಆದರೆ ಎಷ್ಟು ಎಂದು ಹೇಳಲು ಯಾವ ಎರಡು ಬಿಂದುವೂ ಇಲ್ಲ. ಆ ಸಾಲುಗಳ ಎದುರು ಹಸಿರು ಶಾಯಿಯಲ್ಲಿ ಅಂಕಿ ಬರೆಯಲಿಲ್ಲ, ಅಡ್ಡಗೆರೆ ಎಳೆದೆವು. ಆ ಟಬ್ಬುಗಳನ್ನೂ ಹೊರಗೆ ಹಾಕಿಸಿದರು.